ಕೀಲು ಮತ್ತು ಬಲ

ಕೀಲು ಎಂಬ ಮಾತು ಕನ್ನಡದಲ್ಲಿ ಬಾಗಿಲಿಗೂ ಸಲ್ಲುತ್ತದೆ, ಬೊಂಬೆಗೂ ಸಲ್ಲುತ್ತದೆ, ಮನುಷ್ಯನ ದೇಹಕ್ಕೂ ಸಲ್ಲುತ್ತದೆ. ಕದದ ಹಲಗೆ ತೇಗದ್ದೇ ಆಗಿರಲಿ, ಅದನ್ನು ಚೌಕಟ್ಟಿಗೆ ಸೇರಿಸಿದ ಕೀಲು ತುಕ್ಕು ಹಿಡಿದಿದ್ದರೆ ಬಾಗಿಲು ತೆರೆಯುವುದಿಲ್ಲ. ದೇಹದ ಸ್ಥಿತಿಯೂ ಹೆಚ್ಚುಕಡಿಮೆ ಹೀಗೆಯೇ. ತೋಳಿನಲ್ಲಿ ಎಷ್ಟೇ ಕಸುವಿದ್ದರೂ ಭುಜದ ಕೀಲು ನೋಯುತ್ತಿದ್ದರೆ ಕೊಡವನ್ನು ಎತ್ತಲಾಗದು. ತೊಡೆ ಎಷ್ಟೇ ದಪ್ಪವಾಗಿದ್ದರೂ ಮಂಡಿ ಒಪ್ಪದಿದ್ದರೆ ಮೆಟ್ಟಿಲು ಹತ್ತಲಾಗದು. ಆದರೆ ಈ ಹೋಲಿಕೆಗೆ ಒಂದು ಎಲ್ಲೆಯುಂಟು. ಬಾಗಿಲಿನ ಕೀಲು ಜಡವಸ್ತು, ಬಳಸಿದಷ್ಟೂ ಸವೆಯುತ್ತದೆ. ದೇಹದ ಕೀಲು ಜೀವಂತವಾದುದು. ಹಿತಮಿತವಾಗಿ ಬಳಸಿದಷ್ಟೂ ಪೋಷಣೆ ಪಡೆಯುತ್ತದೆ. ಈ ಭೇದವನ್ನು ಅರಿಯದೆ ಎಷ್ಟೋ ಮಂದಿ, ಕೀಲು ನೋಯತೊಡಗಿದ ದಿನವೇ ತಮ್ಮ ಬಲಸಾಧನೆ ಮುಗಿಯಿತೆಂದು ಕೈಚೆಲ್ಲುತ್ತಾರೆ. ಮತ್ತೆ ಕೆಲವರು ನೋವನ್ನು ಲೆಕ್ಕಿಸದೆ ಭಾರವನ್ನು ಏರಿಸುತ್ತಾ ಹೋಗಿ ಕೀಲನ್ನೇ ಕೆಡಿಸಿಕೊಳ್ಳುತ್ತಾರೆ. ಇವೆರಡರ ನಡುವೆ ಒಂದು ದಾರಿಯಿದೆ. ಅದನ್ನು ತಿಳಿಯಬೇಕಾದರೆ ನೋವು ಬಲವನ್ನು ಹೇಗೆ ಕುಗ್ಗಿಸುತ್ತದೆ ಎಂಬುದನ್ನು ಮೊದಲು ಅರಿಯಬೇಕು.

ಬೆಂಗಳೂರಿಗೆ ಬಲಸಾಧನೆ ಹೊಸದಲ್ಲ. ಊರಿನ ಹಳೆಯ ಪೇಟೆಗಳಲ್ಲಿ ಗರಡಿಮನೆಗಳಿದ್ದವು. ಕರಗದ ವೀರಕುಮಾರರ ಪರಂಪರೆಯಲ್ಲಿಯೂ ಗರಡಿಗೆ ಗೌರವದ ಸ್ಥಾನವಿದೆ. ಕೆಮ್ಮಣ್ಣಿನ ಮಟ್ಟಿ, ಗೋಡೆಗೆ ಒರಗಿಸಿಟ್ಟ ಗದೆ, ಎತ್ತುವ ಕಲ್ಲುಗುಂಡು, ಹನುಮಂತನ ಪಟ — ಇವು ಗರಡಿಯ ಲಕ್ಷಣಗಳು. ಅಲ್ಲಿ ಹುಡುಗರು ದಂಡೆ ಹೊಡೆದು, ಬಸ್ಕಿ ತೆಗೆದು, ಸಾಮು ಮಾಡಿ, ಕುಸ್ತಿಯ ಪಟ್ಟುಗಳನ್ನು ಕಲಿಯುತ್ತಿದ್ದರು. ಹೊಸಬನ ಕೈಗೆ ಮೊದಲ ದಿನವೇ ದೊಡ್ಡ ಗದೆಯನ್ನು ಕೊಡುವ ಪದ್ಧತಿ ಅಲ್ಲಿರಲಿಲ್ಲ. ಉಸ್ತಾದನು ಅವನ ಮೈಯನ್ನು ನೋಡಿ, ಇಷ್ಟು ದಿನಕ್ಕೆ ಇಷ್ಟು ಎಂದು ಏರಿಸುತ್ತಿದ್ದನು.

20ನೆಯ ಶತಮಾನದ ಮೊದಲ ಭಾಗದಲ್ಲಿ ಈ ಪರಂಪರೆಗೆ ಹೊಸ ರೂಪವನ್ನು ಕೊಟ್ಟವರಲ್ಲಿ ಕೋಲಾರದ ವೆಂಕಟೇಶ ಅಯ್ಯರ್, ಎಂದರೆ ಕೆ.ವಿ. ಅಯ್ಯರ್, ಪ್ರಮುಖರು. ಕನ್ನಡ ಓದುಗರು ಅವರನ್ನು 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಕರ್ತೃವೆಂದು ಬಲ್ಲರು, ನಾಟಕಕಾರ ಟಿ.ಪಿ. ಕೈಲಾಸಂ ಅವರ ಆಪ್ತರೆಂದೂ ಬಲ್ಲರು. ಆದರೆ ಅವರ ನಿತ್ಯದ ಕಾಯಕ ದೇಹಸಾಧನೆ. ಶಂಕರಪುರಕ್ಕೆ ಬಹುದೂರವಲ್ಲದ ಜೆ.ಸಿ. ರಸ್ತೆಯಲ್ಲಿ ಅವರ ವ್ಯಾಯಾಮಶಾಲೆಯಿದ್ದಿತು. ಪಾಶ್ಚಾತ್ಯರ ಡಂಬೆಲ್, ಬಾರ್‌ಬೆಲ್‌ಗಳ ಜೊತೆಗೆ ನಮ್ಮ ಆಸನಗಳನ್ನೂ ಸೂರ್ಯನಮಸ್ಕಾರವನ್ನೂ ಅವರು ಕೂಡಿಸಿದರು. ಸೂರ್ಯನಮಸ್ಕಾರದ ಮೇಲೆ ಅವರು ಬರೆದ ಇಂಗ್ಲಿಷ್ ಪುಸ್ತಕ 1937ರಲ್ಲಿ ಬೆಂಗಳೂರಿನಲ್ಲಿಯೇ ಪ್ರಕಟವಾಯಿತು. ಭಾರವನ್ನು ಎತ್ತುವ ಶಕ್ತಿ, ಕೀಲುಗಳನ್ನು ಸಲೀಸಾಗಿ ಮಣಿಸುವ ಶಕ್ತಿ, ಇವೆರಡೂ ಒಂದೇ ದೇಹದಲ್ಲಿ ಜೊತೆಯಾಗಿ ಬೆಳೆಯಬಲ್ಲವು ಎಂಬುದು ಈ ಕೂಡಿಕೆಯಲ್ಲಿ ಅಡಗಿರುವ ತತ್ತ್ವ.

ಗರಡಿಯಾಗಲಿ ವ್ಯಾಯಾಮಶಾಲೆಯಾಗಲಿ ಬಹುಮಟ್ಟಿಗೆ ಯುವಕರ ಸ್ಥಳ. ಬಲದ ಅಗತ್ಯವಾದರೋ ಎಲ್ಲರದು. ಶೃಂಗೇರಿಯ ಶಂಕರಮಠದಿಂದ ಹೆಸರು ಪಡೆದ ಶಂಕರಪುರದಂಥ ಬಡಾವಣೆಯಲ್ಲಿ ನಿತ್ಯಜೀವನವೇ ಒಂದು ವ್ಯಾಯಾಮವಾಗಿದ್ದ ಕಾಲವಿತ್ತು. ಬಾವಿಯಿಂದ ನೀರು ಸೇದುವುದು, ಒರಳಿನಲ್ಲಿ ರುಬ್ಬುವುದು, ಕುಕ್ಕರಗಾಲಿನಲ್ಲಿ ಕುಳಿತು ಅಂಗಳದಲ್ಲಿ ರಂಗೋಲಿ ಇಡುವುದು, ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಉಣ್ಣುವುದು, ದೇವರೆದುರು ಸಾಷ್ಟಾಂಗ ನಮಸ್ಕಾರ ಮಾಡಿ ಮೇಲೇಳುವುದು — ಇವೆಲ್ಲ ಕೀಲನ್ನು ಮಡಿಸಿ ಬಿಡಿಸುವ, ಸ್ನಾಯುವನ್ನು ದುಡಿಸುವ ಕೆಲಸಗಳೇ. ನಲ್ಲಿ, ರುಬ್ಬುವ ಯಂತ್ರ, ಊಟದ ಮೇಜು ಬಂದ ಮೇಲೆ ಈ ದುಡಿಮೆ ತಗ್ಗಿತು. ಅದರಿಂದ ಶ್ರಮ ಉಳಿಯಿತು. ಆದರೆ ಕೀಲುಗಳಿಗೂ ಸ್ನಾಯುಗಳಿಗೂ ದಿನನಿತ್ಯ ದೊರೆಯುತ್ತಿದ್ದ ಕೆಲಸವೂ ಇಲ್ಲವಾಯಿತು.

ಅಂಥ ಬಡಾವಣೆಯ ಹಳೆಯ ಮನೆಯೊಂದರಲ್ಲಿರುವ, ಅರವತ್ತೈದು ದಾಟಿದ ಗೃಹಿಣಿಯೊಬ್ಬರನ್ನು ಊಹಿಸಿಕೊಳ್ಳಬಹುದು. ಅವರ ಬಲಮಂಡಿ ಒಂದೆರಡು ವರ್ಷಗಳಿಂದ ನೋಯುತ್ತಿದೆ. ಮೊದಲು ಮೆಟ್ಟಿಲಿಳಿಯುವಾಗ ಮಾತ್ರ ನೋವಿತ್ತು. ಅನಂತರ ನೆಲದಿಂದ ಏಳುವಾಗಲೂ ಬಂದಿತು. ಮೊಮ್ಮಗನು ಪ್ರೀತಿಯಿಂದಲೇ, "ಅಜ್ಜಿ, ನೀವು ಕುರ್ಚಿ ಬಿಟ್ಟು ಏಳಬೇಡಿ, ಬೇಕಾದ್ದನ್ನು ನಾನೇ ತಂದುಕೊಡುತ್ತೇನೆ" ಎನ್ನುತ್ತಾನೆ. ಅಜ್ಜಿ ಹಾಗೆಯೇ ಮಾಡುತ್ತಾರೆ. ಆರು ತಿಂಗಳು ಕಳೆಯುವಷ್ಟರಲ್ಲಿ ಕುರ್ಚಿಯಿಂದ ಏಳುವುದಕ್ಕೂ ಕೈಯೂರಬೇಕಾಗುತ್ತದೆ. ಬಲತೊಡೆ ಎಡತೊಡೆಗಿಂತ ಸಣಕಲಾಗಿದೆ. ನೋವು ಮಾತ್ರ ಕಡಮೆಯಾಗಿಲ್ಲ. ವಿಶ್ರಾಂತಿ ಕೊಟ್ಟರೂ ಮಂಡಿ ಏಕೆ ಸುಧಾರಿಸಲಿಲ್ಲ? ತೊಡೆ ಏಕೆ ಬಡವಾಯಿತು? ಈ ಎರಡು ಪ್ರಶ್ನೆಗಳಿಗೆ ಉತ್ತರ ದೊರೆತರೆ ವಿಷಯದ ತಿರುಳು ದೊರೆತಂತೆ.

ಮಂಡಿಯಲ್ಲಿ ತೊಡೆಯ ಮೂಳೆಯೂ ಮೊಣಕಾಲಿನ ಕೆಳಗಿನ ಮೂಳೆಯೂ ಸಂಧಿಸುತ್ತವೆ. ಮೂಳೆಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆಯಿದೆ. ಕೀಲಿನೊಳಗೆ ಜಿಡ್ಡಾದ ದ್ರವವೊಂದು ಸ್ವಲ್ಪಮಟ್ಟಿಗೆ ಇರುತ್ತದೆ. ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ, ಅದಕ್ಕೆ ಆಹಾರ ಮುಖ್ಯವಾಗಿ ಈ ದ್ರವದಿಂದಲೇ ದೊರೆಯಬೇಕು. ಕಾಲಿನ ಮೇಲೆ ಭಾರ ಬಿದ್ದಾಗ ಮೃದ್ವಸ್ಥಿ ಒತ್ತಲ್ಪಡುತ್ತದೆ. ಭಾರ ತೆಗೆದಾಗ ಅದು ಸ್ಪಂಜಿನಂತೆ ದ್ರವವನ್ನು ಹೀರಿಕೊಳ್ಳುತ್ತದೆ. ಆದುದರಿಂದ ಚಲನೆಯೇ ಕೀಲಿನ ಊಟ. ಚಲನೆಯನ್ನು ಪೂರ್ತಿಯಾಗಿ ನಿಲ್ಲಿಸುವುದೆಂದರೆ ಕೀಲನ್ನು ಉಪವಾಸ ಕೆಡವಿದಂತೆ. ಅಜ್ಜಿಯ ಮಂಡಿಗೆ ವಿಶ್ರಾಂತಿ ಏಕೆ ಹಿತವಾಗಲಿಲ್ಲ ಎಂಬುದಕ್ಕೆ ಇದೊಂದು ಕಾರಣ.

ತೊಡೆ ಬಡವಾದುದಕ್ಕೆ ಕಾರಣ ಇನ್ನೂ ಸ್ವಾರಸ್ಯವಾದುದು. ಕೆಲಸವಿಲ್ಲದ ಸ್ನಾಯು ಸೊರಗುತ್ತದೆ ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಆದರೆ ಅಷ್ಟೇ ಅಲ್ಲ. ಕೀಲಿನ ಒಳಪದರಗಳಲ್ಲಿ ಸೂಕ್ಷ್ಮವಾದ ನರತುದಿಗಳಿವೆ. ಕೀಲು ಬಾತಾಗ ಅಥವಾ ಪೆಟ್ಟಾದಾಗ ಇವು ಬೆನ್ನುಹುರಿಗೆ ಸಂದೇಶ ಕಳುಹಿಸುತ್ತವೆ. ಬೆನ್ನುಹುರಿಯು ಆ ಕೀಲನ್ನು ನಡೆಸುವ ಸ್ನಾಯುವಿಗೆ ಹೋಗುವ ಆಜ್ಞೆಯನ್ನು ತಗ್ಗಿಸುತ್ತದೆ. ಇದು ಮನಸ್ಸಿನ ಇಚ್ಛೆಗೆ ಒಳಪಟ್ಟುದಲ್ಲ. ಗಾಡಿಯ ಎತ್ತು ಎಳೆಯಲು ಸಿದ್ಧವಿದ್ದರೂ ಹಗ್ಗವನ್ನು ಯಾರೋ ಹಿಂದಕ್ಕೆ ಜಗ್ಗಿ ಹಿಡಿದಿರುವಂತೆ, ಸ್ನಾಯುವಿನಲ್ಲಿ ಬಲವಿದ್ದರೂ ಅದು ಪೂರ್ತಿಯಾಗಿ ಹೊರಬೀಳುವುದಿಲ್ಲ.

ವಿಜ್ಞಾನಿಗಳು ಇದನ್ನು ಪರೀಕ್ಷಿಸಿಯೂ ತೋರಿಸಿದ್ದಾರೆ. ಮಂಡಿಯೊಳಗೆ ದ್ರವವನ್ನು ತುಂಬಿದಾಗ ತೊಡೆಯ ಮುಂಭಾಗದ ಸ್ನಾಯುವಿನ ಕೆಲಸ ಕುಗ್ಗುವುದನ್ನು ಡಿ ಆಂಡ್ರೇಡ್ ಮತ್ತು ಸಂಗಡಿಗರು 1965ರಲ್ಲಿ ವರದಿ ಮಾಡಿದರು. 1984ರಲ್ಲಿ ಸ್ಪೆನ್ಸರ್ ಮತ್ತು ಸಂಗಡಿಗರು ಆರೋಗ್ಯವಂತರ ಮಂಡಿಗೆ ಲವಣದ್ರಾವಣವನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿ ಅಳೆದು ನೋಡಿದರು. ಸುಮಾರು 20ರಿಂದ 30 ಮಿಲಿಲೀಟರು ದ್ರವ ಸೇರುವಷ್ಟರಲ್ಲಿಯೇ ತೊಡೆಯ ಒಳಬದಿಯ ಸ್ನಾಯು ಹಿಂಜರಿಯಿತು. 50ರಿಂದ 60 ಮಿಲಿಲೀಟರು ಸೇರಿದಾಗ ಉಳಿದ ಭಾಗಗಳೂ ಹಿಂಜರಿದವು. 20 ಮಿಲಿಲೀಟರೆಂದರೆ ನಾಲ್ಕು ಚಹಾ ಚಮಚದಷ್ಟು. ಅಷ್ಟರ ಬಾವು ಕಣ್ಣಿಗೆ ಕಾಣದಿರಲೂಬಹುದು. ಪರೀಕ್ಷೆಗೆ ಒಳಗಾದವರ ಮಂಡಿಯಲ್ಲಿ ಯಾವ ರೋಗವೂ ಇರಲಿಲ್ಲವೆಂಬುದನ್ನು ಗಮನಿಸಬೇಕು. ಎಂದ ಮೇಲೆ ಸ್ನಾಯುವನ್ನು ತಡೆಯುವುದು ನೋವಿನ ಅನುಭವವೊಂದೇ ಅಲ್ಲ, ಕೀಲಿನೊಳಗಿನ ಬಾವು ತಾನಾಗಿಯೇ ತಡೆಯಬಲ್ಲದು.

ಹೀಗಿರುವಲ್ಲಿ ಕೀಲು ನೋಯುವವರ ಬಲಸಾಧನೆಯ ಫಲ ಮೂರು ಬಗೆಯಲ್ಲಿ ಕುಂದುತ್ತದೆ. ಮೊದಲನೆಯದು ಈಗ ಹೇಳಿದ ತಡೆ. ಸಾಧಕನು ಮನಸಾರೆ ಪ್ರಯತ್ನಿಸಿದರೂ ಸ್ನಾಯುವಿನ ಒಂದು ಪಾಲು ಕೆಲಸಕ್ಕೆ ಇಳಿಯುವುದೇ ಇಲ್ಲ; ಕೆಲಸಕ್ಕೆ ಇಳಿಯದ ಪಾಲು ಬೆಳೆಯುವುದೂ ಇಲ್ಲ. ಎರಡನೆಯದು ಚಲನೆಯ ವ್ಯತ್ಯಾಸ. ನೋಯುವ ಕಾಲನ್ನು ಉಳಿಸಿಕೊಳ್ಳಲು ದೇಹವು ಭಾರವನ್ನು ಇನ್ನೊಂದು ಕಾಲಿಗೆ, ಸೊಂಟಕ್ಕೆ, ಬೆನ್ನಿಗೆ ಸಾಗಿಸುತ್ತದೆ. ಬಸ್ಕಿಗಳ ಎಣಿಕೆ ಪುಸ್ತಕದಲ್ಲಿ ಏರುತ್ತಾ ಹೋದರೂ ಬಲಗೊಳ್ಳಬೇಕಾಗಿದ್ದ ಕಾಲು ಇದ್ದಲ್ಲಿಯೇ ಇರುತ್ತದೆ. ಮೂರನೆಯದು ಅಭ್ಯಾಸಭಂಗ. ನೋವಿದ್ದ ರಾತ್ರಿ ನಿದ್ದೆ ಬಾರದು; ನಿದ್ದೆಗೆಟ್ಟ ಮರುದಿನ ಉತ್ಸಾಹವಿರದು; ಒಂದು ವಾರ ಮಾಡಿ ಎರಡು ವಾರ ಬಿಟ್ಟರೆ ಗಳಿಸಿದುದೂ ಕರಗುತ್ತದೆ. ಸ್ನಾಯು ಸೊರಗಿದಂತೆ ಕೀಲಿಗೆ ಆಸರೆ ತಪ್ಪುತ್ತದೆ; ಆಸರೆ ತಪ್ಪಿದ ಕೀಲು ಇನ್ನಷ್ಟು ನೋಯುತ್ತದೆ. ಗಾಣದ ಎತ್ತಿನಂತೆ ಒಂದೇ ಸುತ್ತಿನಲ್ಲಿ ತಿರುಗುವ ಈ ಚಕ್ರವನ್ನು ಎಲ್ಲಿಯಾದರೂ ಒಂದೆಡೆ ಮುರಿಯಬೇಕು.

ಮುರಿಯುವ ಬಗೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಸ್ಪಷ್ಟವಾಯಿತು. ಮಂಡಿಗೂ ತೊಡೆಗೂ ಗಾಯವಾಗಿ ದುರ್ಬಲರಾದ ಸೈನಿಕರು ಅಮೆರಿಕದ ಸೇನಾ ಆಸ್ಪತ್ರೆಗಳಲ್ಲಿ ಬಹುಕಾಲ ಉಳಿಯಬೇಕಾಗಿತ್ತು. ಇಂಥವರಿಗೆ ಹಗುರವಾದ ಚಲನೆಗಳನ್ನು ಬಹಳ ಸಲ ಮಾಡಿಸುವುದು ಅಂದಿನ ರೂಢಿ. ಷಿಕಾಗೋ ನಗರದ ಗಾರ್ಡಿನರ್ ಆಸ್ಪತ್ರೆಯಲ್ಲಿದ್ದ ಥಾಮಸ್ ಡಿಲಾರ್ಮ್ ಎಂಬ ತರುಣ ವೈದ್ಯರು ಈ ರೂಢಿಯನ್ನು ಬಿಟ್ಟು, ರೋಗಿಯ ಶಕ್ತಿಯನ್ನು ಅಳೆದು ಕ್ರಮವಾಗಿ ಭಾರವನ್ನು ಏರಿಸುವ ಪದ್ಧತಿಯನ್ನು ತಂದರು. ಚಿಕ್ಕಂದಿನಲ್ಲಿ ವಾತಜ್ವರದಿಂದ ನರಳಿ, ಭಾರ ಎತ್ತುವ ಸಾಧನೆಯಿಂದಲೇ ಮೈಯನ್ನು ಕಟ್ಟಿಕೊಂಡವರು ಅವರು. ಅವರ ಅನುಭವ 1945ರಲ್ಲಿ ಪ್ರಕಟವಾಯಿತು. ಕೆಲವು ವರ್ಷಗಳಲ್ಲಿಯೇ ಪದ್ಧತಿ ಸರಳಗೊಂಡಿತು: ಒಬ್ಬನು ಹತ್ತು ಸಲ ಮಾತ್ರ ಎತ್ತಬಲ್ಲ ಭಾರ ಎಷ್ಟೆಂದು ಕಂಡುಕೊಳ್ಳುವುದು; ಮೊದಲು ಅದರ ಅರ್ಧ, ಬಳಿಕ ಮುಕ್ಕಾಲು, ಕೊನೆಗೆ ಪೂರ್ಣ ಭಾರವನ್ನು ಹತ್ತು ಹತ್ತು ಸಲ ಎತ್ತಿಸುವುದು. ಇಂದಿಗೂ ಬಲಸಾಧನೆಯ ಅನೇಕ ಕ್ರಮಗಳಿಗೆ ಇದೇ ತಳಹದಿ.

ನಮ್ಮ ವೈದ್ಯಶಾಸ್ತ್ರಕ್ಕೂ ಅಳತೆಯ ಈ ಪ್ರಜ್ಞೆ ಅಪರಿಚಿತವಲ್ಲ. ತನ್ನ ಬಲದ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕು, ಮೀರಿದರೆ ಕೇಡು ಎಂದು ಸುಶ್ರುತ ಸಂಹಿತೆ ವಿಧಿಸುತ್ತದೆ. ಸುಶ್ರುತನ ಅರ್ಧವೂ ಡಿಲಾರ್ಮ್ ಅವರ ಅರ್ಧವೂ ಒಂದೇ ಅಲ್ಲ. ಒಂದು ಎಲ್ಲೆ, ಇನ್ನೊಂದು ಆರಂಭ. ಆದರೆ ಇಬ್ಬರೂ ಒಪ್ಪುವ ಮಾತೊಂದಿದೆ: ಭಾರವನ್ನು ಗೊತ್ತುಮಾಡಬೇಕಾದುದು ಹಟವಲ್ಲ, ದೇಹದ ಇಂದಿನ ಶಕ್ತಿ.

ಕೀಲು ಸವೆದ ವೃದ್ಧರಿಗೂ ಈ ಮಾತು ಅನ್ವಯಿಸುತ್ತದೆಯೇ? ಅಮೆರಿಕದಲ್ಲಿ 60 ವರ್ಷ ದಾಟಿದ, ಮಂಡಿ ಸವೆದು ನೋವಿನಿಂದ ಬಳಲುತ್ತಿದ್ದ 439 ಮಂದಿಯನ್ನು 18 ತಿಂಗಳ ಕಾಲ ಗಮನಿಸಿದ ಅಧ್ಯಯನವೊಂದರ ಫಲ 1997ರಲ್ಲಿ ಪ್ರಕಟವಾಯಿತು. ನಡಿಗೆಯ ವ್ಯಾಯಾಮ ಮಾಡಿದವರಲ್ಲಿಯೂ ಭಾರದ ವ್ಯಾಯಾಮ ಮಾಡಿದವರಲ್ಲಿಯೂ ನೋವು ತಗ್ಗಿ ಓಡಾಟ ಸುಧಾರಿಸಿತು. ಸುಧಾರಣೆ ದೊಡ್ಡದಲ್ಲದಿದ್ದರೂ ಕೇವಲ ಉಪದೇಶವನ್ನು ಕೇಳಿದವರಿಗಿಂತ ಇವರು ಮೇಲಾಗಿದ್ದರು. ಹಾಗಾದರೆ ಭಾರ ಹೆಚ್ಚಿದಷ್ಟೂ ಲಾಭ ಹೆಚ್ಚುವುದೋ? 377 ಮಂದಿಯ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿತು. ಹೆಚ್ಚು ಭಾರದ ಸಾಧನೆ ಮಾಡಿದವರಿಗೂ ಕಡಮೆ ಭಾರದ ಸಾಧನೆ ಮಾಡಿದವರಿಗೂ 18 ತಿಂಗಳ ಕೊನೆಯಲ್ಲಿ ಮಂಡಿನೋವಿನ ಮಟ್ಟಿಗೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅಷ್ಟೇ ಅಲ್ಲ, ಭಾರದ ಸಾಧನೆಯಿಲ್ಲದೆ ಆರೋಗ್ಯದ ತಿಳಿವಳಿಕೆಯನ್ನಷ್ಟೇ ಪಡೆದ ಗುಂಪಿಗಿಂತಲೂ ಹೆಚ್ಚು ಭಾರ ಎತ್ತಿದವರ ನೋವು ಗಣನೀಯವಾಗಿ ತಗ್ಗಿರಲಿಲ್ಲ. ಆದುದರಿಂದ ಭಾರವೊಂದೇ ನೋವಿಗೆ ಮದ್ದೆಂದು ತಿಳಿಯಬಾರದು. ಬಲಸಾಧನೆಯ ಮೊದಲ ಫಲ ಬಲ. ನೋವು ತಗ್ಗುವುದು ಅದರ ಹಿಂದೆ ಬರಬಹುದಾದ, ಎಲ್ಲರಿಗೂ ಒಂದೇ ಸಮನಾಗಿ ಬಾರದ ಫಲ.

ಬಲವಾದರೋ ಯಾವ ವಯಸ್ಸಿನಲ್ಲಿಯೂ ಬರುತ್ತದೆ. 1990ರಲ್ಲಿ ಪ್ರಕಟವಾದ ಪ್ರಸಿದ್ಧವಾದೊಂದು ಅಧ್ಯಯನದಲ್ಲಿ ವೃದ್ಧಾಶ್ರಮದಲ್ಲಿದ್ದ, 90ರ ಆಸುಪಾಸಿನ 10 ಮಂದಿ ದುರ್ಬಲರಿಗೆ 8 ವಾರಗಳ ಕಾಲ ತೊಡೆಯ ಬಲಸಾಧನೆ ಮಾಡಿಸಿದರು. ಕೊನೆಯವರೆಗೆ ಉಳಿದವರ ಬಲ ಸರಾಸರಿ ಶೇಕಡ 174ರಷ್ಟು ಹೆಚ್ಚಿತು. ಮೊದಲ ಕೆಲವು ವಾರಗಳಲ್ಲಿ ಬರುವ ಬಲದಲ್ಲಿ ಹೆಚ್ಚಿನ ಪಾಲು ಸ್ನಾಯು ದಪ್ಪವಾದುದರಿಂದ ಬಂದುದಲ್ಲ. ನರಮಂಡಲವು ಇರುವ ಸ್ನಾಯುವನ್ನು ಚೆನ್ನಾಗಿ ದುಡಿಸಿಕೊಳ್ಳಲು ಕಲಿತುದರಿಂದ ಬಂದುದು. ನೋಯುವ ಕೀಲಿನವರಿಗೆ ಇದು ಆಶಾದಾಯಕವಾದ ಸಂಗತಿ. ಅವರು ಕಳೆದುಕೊಂಡ ಬಲದ ಒಂದು ಭಾಗ ನಿಜವಾಗಿ ಕಳೆದುಹೋದುದಲ್ಲ, ತಡೆಹಿಡಿಯಲ್ಪಟ್ಟುದು.

ಇನ್ನು ಆಚರಣೆಯ ಮಾತು. ಶಂಕರಪುರದ ಅಜ್ಜಿಗೆ ಬಾರ್‌ಬೆಲ್ ಬೇಕಾಗಿಲ್ಲ. ಮೊದಲು ವೈದ್ಯರಿಗೆ ಮಂಡಿಯನ್ನು ತೋರಿಸಿ, ಬಾವಿದ್ದರೆ ಅದನ್ನು ಇಳಿಸಿಕೊಳ್ಳಬೇಕು. ಬಾವಿರುವವರೆಗೆ ಸ್ನಾಯು ಪೂರ್ತಿಯಾಗಿ ಮಾತು ಕೇಳದು. ಆಮೇಲೆ ಕಾಲನ್ನು ನೀಡಿ ಕುಳಿತು, ತೊಡೆಯನ್ನು ಬಿಗಿಹಿಡಿದು ಐದು ಎಣಿಸಿ ಬಿಡಬಹುದು. ಇದರಲ್ಲಿ ಕೀಲು ಮಡಿಯುವುದಿಲ್ಲ, ಸ್ನಾಯು ಮಾತ್ರ ದುಡಿಯುತ್ತದೆ. ಅದು ಸಲೀಸಾದ ಮೇಲೆ ಎತ್ತರವಾದ ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು. ಎರಡೂ ಕಾಲಿಗೆ ಭಾರ ಸಮನಾಗಿ ಬೀಳುತ್ತಿದೆಯೇ ಎಂದು ಕನ್ನಡಿಯೆದುರು ನೋಡಿಕೊಳ್ಳುವುದು. ವಾರಗಳು ಕಳೆದಂತೆ ಕುರ್ಚಿಯ ಎತ್ತರವನ್ನು ತಗ್ಗಿಸುವುದು. ಅನಂತರ ಒಂದು ಮೆಟ್ಟಿಲನ್ನು ಹತ್ತಿ ಇಳಿಯುವುದು. ಎಡೆಬಿಡದೆ ದಿನವೂ ಭಾರ ಎತ್ತಬೇಕೆಂದಿಲ್ಲ. ವಾರಕ್ಕೆ ಎರಡು ಮೂರು ದಿನ ಸಾಕು, ನಡುವಿನ ದಿನಗಳಲ್ಲಿ ನಡಿಗೆಯಿರಲಿ. ಮೈತೂಕ ಹೆಚ್ಚಾಗಿರುವವರು ಅದನ್ನು ಇಳಿಸುವುದೂ ಸಾಧನೆಯ ಒಂದು ಅಂಗವೇ. ಒಂದು ಕಿಲೋ ತೂಕ ಇಳಿದರೆ ಪ್ರತಿಯೊಂದು ಹೆಜ್ಜೆಯಲ್ಲಿಯೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋದಷ್ಟು ಇಳಿಯುತ್ತದೆಂದು ಅಳತೆಗಳು ತೋರಿಸಿವೆ.

ಎಷ್ಟು ನೋವನ್ನು ಸಹಿಸಬಹುದು? ನೋವೇ ಇಲ್ಲದಿರುವುದನ್ನು 0 ಎಂದೂ ತಾಳಲಾರದ ನೋವನ್ನು 10 ಎಂದೂ ಇಟ್ಟುಕೊಂಡರೆ, ವ್ಯಾಯಾಮದ ಹೊತ್ತಿನಲ್ಲಿ 5ನ್ನು ಮೀರದ ನೋವು, ಮರುದಿನದೊಳಗೆ ಹಿಂದಿನ ಮಟ್ಟಕ್ಕೆ ಇಳಿಯುವುದಾದರೆ, ಸಾಮಾನ್ಯವಾಗಿ ಸಹ್ಯವೆಂದು ದೇಹಚಿಕಿತ್ಸಕರು ಹೇಳುತ್ತಾರೆ. ಮರುದಿನವೂ ಉಳಿದರೆ ಭಾರ ಹೆಚ್ಚಾಯಿತೆಂದು ಅರ್ಥ, ಬಿಡಬೇಕಾಗಿಲ್ಲ, ತಗ್ಗಿಸಬೇಕು. ಸ್ನಾಯು ದಣಿದು ಬರುವ ಮೈಕೈ ನೋವು ಬೇರೆ, ಕೀಲಿನೊಳಗೆ ಚುಚ್ಚುವ ನೋವು ಬೇರೆ ಎಂಬುದನ್ನೂ ಅಭ್ಯಾಸಿಯು ಗುರುತಿಸಿಕೊಳ್ಳಬೇಕು. ಕೀಲು ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ, ರಾತ್ರಿ ಮಲಗಿದಾಗಲೂ ನೋವು ಬಿಡದಿದ್ದರೆ, ಕೀಲು ನಡುವೆ ಸಿಕ್ಕಿಕೊಂಡು ಮಡಿಯದಿದ್ದರೆ, ವ್ಯಾಯಾಮವನ್ನು ನಿಲ್ಲಿಸಿ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು.

ಈ ಎಚ್ಚರ ವೃದ್ಧರಿಗೆ ಮಾತ್ರವಲ್ಲ. ಬೆಳೆಯುವ ವಯಸ್ಸಿನ ಹುಡುಗ ಹುಡುಗಿಯರಲ್ಲಿ ಮಂಡಿಚಿಪ್ಪಿನ ಕೆಳಗೆ, ಸ್ನಾಯುರಜ್ಜು ಮೂಳೆಗೆ ಅಂಟುವ ಜಾಗದಲ್ಲಿ, ಓಟ ನೆಗೆತಗಳಿಂದ ನೋವು ಬರುವುದುಂಟು. ಮೂಳೆಯ ಬೆಳವಣಿಗೆ ಮುಗಿದಂತೆ ಅದು ಬಹುಮಟ್ಟಿಗೆ ತಾನಾಗಿಯೇ ಶಮನವಾಗುತ್ತದೆ. ಅಲ್ಲಿಯವರೆಗೆ ಆಟವನ್ನು ಸ್ವಲ್ಪ ತಗ್ಗಿಸಬೇಕೇ ಹೊರತು ನೋವನ್ನು ಬಚ್ಚಿಟ್ಟುಕೊಂಡು ಖೋಖೋ ಕಣಕ್ಕೆ ಇಳಿಯುವುದು ಶೌರ್ಯವಲ್ಲ. ಗೆಳೆಯನು ಎತ್ತಿದ ಭಾರವನ್ನೇ ತಾನೂ ಎತ್ತಬೇಕೆಂದು ನೋಯುವ ಭುಜವನ್ನು ಹಿಂಸಿಸುವುದೂ ಶೌರ್ಯವಲ್ಲ. ಉಪಾಧ್ಯಾಯರಿಗೂ ಹಿರಿಯರಿಗೂ ಹೇಳಿ ಸಲಹೆ ಪಡೆಯುವುದು ವಿವೇಕ.

ಗರಡಿಯ ಉಸ್ತಾದನು ಹೊಸಬನ ಮೈಯನ್ನು ನೋಡಿ ಭಾರವನ್ನು ಗೊತ್ತುಮಾಡುತ್ತಿದ್ದನು. ಡಿಲಾರ್ಮ್ ಅವರು ಅದನ್ನೇ ತೂಕದ ಲೆಕ್ಕದಿಂದ ಮಾಡಿದರು. ಕೀಲು ನೋಯುವವರು ತಮಗೆ ತಾವೇ ಇಂಥ ಉಸ್ತಾದರಾಗಬೇಕು. ನೋವು ಶತ್ರುವಲ್ಲ, ಒಡೆಯನೂ ಅಲ್ಲ. ಅದು ಸುದ್ದಿ ತರುವ ದೂತ. ದೂತನ ಮಾತನ್ನು ಕೇಳಿಸಿಕೊಳ್ಳಬೇಕು. ಆದರೆ ರಾಜ್ಯವನ್ನು ಅವನಿಗೆ ಒಪ್ಪಿಸಬಾರದು. ಒಂದು ವರ್ಷದ ಅಭ್ಯಾಸದಿಂದ ಮಂಡಿ ಹದಿನೆಂಟರ ಮಂಡಿಯಾಗದು. ಆದರೆ ಕೈಯೂರದೆ ಕುರ್ಚಿಯಿಂದ ಏಳುವುದು, ಮಠದ ಮೆಟ್ಟಿಲನ್ನು ಇನ್ನೊಬ್ಬರ ಹೆಗಲ ಆಸರೆಯಿಲ್ಲದೆ ಹತ್ತುವುದು, ತನ್ನ ಕೊಡವನ್ನು ತಾನೇ ಎತ್ತಿಕೊಳ್ಳುವುದು ಸಾಧ್ಯವಾದೀತು. ಸ್ವಾವಲಂಬನೆಯ ಬೆಲೆಯನ್ನು ಬಲ್ಲವರಿಗೆ ಈ ಫಲ ಯಾವ ಪದಕಕ್ಕಿಂತಲೂ ಕಡಮೆಯಾದುದಲ್ಲ.